ಪೂಜೆಗೆ ಮುಂಚಿನ ಸೂಜಿ

ಶಿಕಾರಿಪುರ
11-8-2025, ಸೋಮವಾರ

ತಂಗಿ ಹಾಲಮ್ಮನಿಗೆ ಅಣ್ಣ ಪರಮಶಿವಪ್ಪನ ಶರಣು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಯಲ್ಲಿ ಪೆನ್ನು ಹಿಡಿಸಿದ್ದೀಯ. ಫೋನ್ ಮಾಡಿದರೆ ನನ್ನ ದನಿ ಕೇಳಿದೊಡನೆ ಕಟ್ ಮಾಡುತ್ತೀ. ನಿನ್ನ ಸೊಸೆ ಅಶ್ವಿನಿ, "ಬರ್ದು ಕಳಿಸ್ರೀ ಮಾವ, ಕಾಗದ ಕೂಗಾಡಲ್ಲ" ಅಂದಳು. ಅದಕ್ಕೇ ಕೂತಿದ್ದೇನೆ. ಬೆನ್ನು ಹಿಡಿದಿದೆ.

ಹೋದ ಸೋಮವಾರ ಪೂಜೆಗೆ ಕೂತಲ್ಲೇ ನೀನು ಬೆವೆತು ಬಿದ್ದದ್ದು, ಇಷ್ಟಲಿಂಗ ಅಂಗೈಯಿಂದ ಜಾರಿದ್ದು, ಎಲ್ಲ ಹೇಳಿದಳು. ಅವತ್ತಿನಿಂದ ಇನ್ಸುಲಿನ್ ಬಿಟ್ಟು ಹಾಗಲಕಾಯಿ ರಸ ಕುಡಿಯುತ್ತಿದ್ದೀಯಂತೆ. "ಶಿವನಿಗೇ ಸೂಜಿ ಬ್ಯಾಡಾಗಿದೆ" ಅಂದೆಯಂತೆ. ಶಿವ ಬಂದು ನಿನ್ನ ಕಿವಿಯಲ್ಲಿ ಹೇಳಿದನೇನೇ? ನಿನ್ನೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಸಕ್ಕರೆ ಮುನ್ನೂರ ಎಂಬತ್ತು. ಕೊಡಗಟ್ಟಲೆ ನೀರು ಕುಡಿದರೂ ಅತ್ತೆಯ ಬಾಯಿ ಒಣಗುತ್ತದೆ ಅಂತ ಹುಡುಗಿ ಅಳುತ್ತಾಳೆ.

ಇಲ್ಲಿಯ ಡಾಕ್ಟರನ್ನು ಕೇಳಿದೆ. ಬೀಟಾ ಕಣ, ಅದು ಇದು ಅಂದರು. ನನಗೆ ತಿಳಿದದ್ದು ಇಷ್ಟು. ಮೊದಲು ನಿನ್ನ ಮೈಯಲ್ಲಿ ಇನ್ಸುಲಿನ್ ಇತ್ತು, ಮೈ ಅದರ ಮಾತು ಕೇಳುತ್ತಿರಲಿಲ್ಲ. ಅಂಜನಾಪುರದ ಕೆರೆ ತುಂಬಿದ್ದರೂ ಕಾಲುವೆಯಲ್ಲಿ ಹೂಳಿದ್ದರೆ ಗದ್ದೆಗೆ ನೀರು ಹತ್ತುತ್ತದೆಯೇ? ನೀನು ಆಗ ನುಂಗುತ್ತಿದ್ದ ಮಾತ್ರೆ ಆ ಹೂಳು ತೆಗೆಯುತ್ತಿತ್ತು. ಈಗ ದುಡಿದು ದುಡಿದು ಇನ್ಸುಲಿನ್ ತಯಾರಿಸುವ ಆ ಕಣಗಳೇ ಸೋತಿವೆ. ಕೆರೆಯೇ ಬತ್ತಿದ ಮೇಲೆ ಕಾಲುವೆ ತೋಡಿ ಏನು ಬಂತು? ಹೊರಗಿನಿಂದ ಹಾಕಲೇಬೇಕು.

ನೀನು ಬಿದ್ದದ್ದು ಬೇರೆ ಕಾರಣಕ್ಕೆ. ಆ ಸೂಜಿ ಹಾಕಿಕೊಂಡರೆ ಊಟದ ತಟ್ಟೆ ಎದುರಿಗೇ ಇರಬೇಕಂತೆ. ನೀನು ಮಿಂದು, ಸೂಜಿ ಚುಚ್ಚಿಕೊಂಡು, ವಿಭೂತಿ ಹಚ್ಚಿ ಪೂಜೆಗೆ ಕೂತೆ. ಪೂಜೆ ಮುಗಿಯದೆ ತೊಟ್ಟು ನೀರೂ ಮುಟ್ಟದವಳು. ಅದೂ ಶ್ರಾವಣ ಸೋಮವಾರ, ನಿನ್ನ ಪೂಜೆ ಮುಗಿಯುವುದು ಯಾವಾಗ? ಹೊಟ್ಟೆಯಲ್ಲಿ ಕಾಳಿಲ್ಲ, ರಕ್ತದಲ್ಲಿದ್ದ ಸಕ್ಕರೆಯನ್ನೂ ಸೂಜಿ ಇಳಿಸಿಬಿಟ್ಟಿತು. "ಹೊತ್ತು ತಪ್ಪಿದೆ ಕಣ್ರೀ, ಔಷಧಿದೇನೂ ತಪ್ಪಿಲ್ಲ" ಅಂದರು ಡಾಕ್ಟರು. ಮೊದಲು ಪೂಜೆ ಮುಗಿಸು. ಆಮೇಲೆ ಸೂಜಿ, ಕೂಡಲೇ ರೊಟ್ಟಿ. ಎಷ್ಟು ಹಾಕಬೇಕೆಂದು ಸೊರಬದ ನಿನ್ನ ಡಾಕ್ಟರನ್ನು ಇವತ್ತೇ ಹೋಗಿ ಕೇಳು. ಮತ್ತೆ ಬೆವರು, ನಡುಕ ಬಂದರೆ ಪೂಜೆ ಅರ್ಧಕ್ಕೆ ಬಿಟ್ಟು ಸಕ್ಕರೆ ಬಾಯಿಗೆ ಹಾಕಿಕೋ.

ಲಿಂಗ ಜಾರಿದ್ದಕ್ಕೆ ಮಠದ ಅಯ್ಯನವರನ್ನೂ ಕೇಳಿದೆ. "ಮಡಿಲಿಗೆ ತಾನೆ ಬಿದ್ದಿದ್ದು? ತೊಳೆದು ಕಟ್ಟಿಕೊಳ್ಳಲಿ. ಮೈಯೇ ಇಲ್ಲದಿದ್ರೆ ಲಿಂಗ ಎಲ್ಲಿ ಕಟ್ತಾಳಂತೆ ನಿಮ್ಮ ತಂಗಿ?" ಅಂದರು. ಅವರ ಮಾತಾದರೂ ಕೇಳು.

ನನ್ನ ಮಗ ಕೊಟ್ರೇಶ ಗೊಬ್ಬರ ಇಳಿಸಲು ಸೊರಬಕ್ಕೆ ಬರುತ್ತಿದ್ದಾನೆ. ಅವನ ಕೈಲೇ ಇದನ್ನು ಕಳಿಸಿದ್ದೇನೆ. ನೀನು ಓದಿ ಮುಗಿಸುವವರೆಗೆ ಏಳಬೇಡ ಅಂದಿದ್ದೇನೆ. ಅವನಿಗೆ ಚಹಾ ಕೊಟ್ಟು ಸಾಗಹಾಕಬೇಡ.

ನಿನ್ನ ಅಣ್ಣ,
ಪರಮಶಿವಪ್ಪ

ತಾ.ಕ.: ಡಾಕ್ಟರು ನನಗೂ ಅದೇ ಸೂಜಿ ಬರೆದಿದ್ದಾರೆ. ಫ್ರಿಜ್ಜಿನಲ್ಲಿದೆ. ನೀನು ಬಿದ್ದ ಸುದ್ದಿ ಬಂದ ಮೇಲೆ ಕೈ ಹೋಗಲಿಲ್ಲ. ಚುಚ್ಚಿಕೊಂಡೆ ಅಂತ ನಿನ್ನ ಅತ್ತಿಗೆಗೆ ದಿನಾ ಸುಳ್ಳು ಹೇಳುತ್ತಿದ್ದೇನೆ. ನೀನು ಸೂಜಿ ಹಾಕಿಕೊಂಡು, ಉಂಡು, ನೆಟ್ಟಗೆ ಎದ್ದು ನಿಂತೆ ಅಂತ ನನಗೆ ತಿಳಿಯಬೇಕು. ಗುರುವಾರ, ಹದಿನಾಲ್ಕನೇ ತಾರೀಖಿನೊಳಗೆ ಉತ್ತರ ಬರಬೇಕು.