ಒಂದೇ ಬಾಟಲಿ

ಜುಲೈ 9, ಬುಧವಾರ

ಸಂಜೆ ಪಾಪುವಿನ ಕೆಂಪು ಕಣ್ಣಿಗೆ ಹನಿ ಹಾಕಿ ಮುಗಿಸಿದ್ದೆ. ಅತ್ತೆ ಖುಷಿಯಾಗಿ ಬಂದರು.

“ಒಳ್ಳೆ ಔಸ್ತಿ ಕಣಮ್ಮ! ಕುರಿಮರಿ ಕಣ್ಣೂ ಕೀವು ಕಟ್ಟಿತ್ತು, ಬೆಳಗ್ಗೆ ಅದ್ರಲ್ಲೇ ಎಲ್ಡು ತೊಟ್ಟು ಬುಟ್ಟೆ.”

“ಬಾಟಲಿ ತುದಿ ಅದರ ಕಣ್ಣಿಗೆ ತಾಗಿತಾ?”

“ಒದ್ದಾಡೋ ಮರಿ, ತಾಗ್ದೆ ಇರ್ತದಾ?”

ಕಿರುಚಿಬಿಟ್ಟೆ. “ಯಾರನ್ನ ಕೇಳಿ ಹಾಕಿದ್ರಿ?”

“ನೀನ್ಯಾರ್ನ ಕೇಳಿದ್ದವ್ವ? ಅದು ಹೋದ್ ವರ್ಸ ಡಾಕ್ಟ್ರು ನಿನ್ ಗಂಡಂಗೆ ಕೊಟ್ಟಿದ್ದಲ್ವಾ?”

ಬಾಟಲಿ ತಂದು ದೀಪದಡಿ ಹಿಡಿದೆ. ಬಿ.ಎಸ್ಸಿ. ಓದಿದ ನಾನು ಬಾಟಲಿಯ ಸಣ್ಣಕ್ಷರ ಓದಿದ್ದು ಈಗ. ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಸೇರಿದೆ, ಡಾಕ್ಟರು ಹೇಳದೆ ಹಾಕಬಾರದಂತೆ. ತೆರೆದ ತಿಂಗಳೊಳಗೆ ಎಸೆಯಬೇಕಂತೆ.

ಪಾಪು ನಿದ್ದೆಯಲ್ಲೂ ಕಣ್ಣುಜ್ಜುತ್ತಿದ್ದಾಳೆ. ಬೆಳಗಾಗುತ್ತಲೇ ಮಧುಗಿರಿಯ ಕಣ್ಣಿನ ಡಾಕ್ಟರ ಬಳಿ ಓಡಬೇಕು. ಕುರಿಮರಿಯ ವಿಷಯ ಹೇಳಿಬಿಡುತ್ತೇನೆ. ಮರಿಗೆ ಹಾಕುವ ಮೊದಲೇ ಮೂರು ದಿನ ಯಾರನ್ನೂ ಕೇಳದೆ ನಾನೇ ಪಾಪುವಿಗೆ ಹಾಕಿದ್ದನ್ನು ಹೇಳಲೋ, ಬೇಡವೋ...