ನಿನ್ನ ಪಾಠದಲ್ಲಿ ನನ್ನ ಅಪ್ಪ

ಪಾಮನಕಲ್ಲೂರು
೯ ಫೆಬ್ರವರಿ ೨೦೨೫

ಪ್ರೀತಿಯ ಅಂಜಲಿ,

ಸಿಂಧನೂರಿನಲ್ಲಿ ನೀನು, ಶಿವಪ್ರಸಾದ, ಮಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಫೋನ್ ಎತ್ತಲಿಲ್ಲ, ಮೆಸೇಜಿಗೂ ಉತ್ತರ ಬರೆಯಲಿಲ್ಲ. ತಪ್ಪು ತಿಳಿಯಬೇಡ ಎಂದು ಬರೆಯಲು ಹೊರಟಿದ್ದೆ, ಬೇಡ, ತಿಳಿದುಕೋ. ನಿನ್ನ ದನಿ ಕೇಳಿದರೆ ಮೆತ್ತಗಾಗಿಬಿಡುತ್ತೇನೆ, ಅದಕ್ಕೇ ಕಾಗದ ಹಿಡಿದಿದ್ದೇನೆ.

ಮಸ್ಕಿಯ ಶಾಲೆಗೆ ರಜೆ ಹಾಕಿ ಅವ್ವನ ಹತ್ತಿರ ಬಂದಿದ್ದೇನೆ. ತೊಗರಿ ರಾಶಿ ಮುಗಿದಿದೆ. ಗ್ಯಾನಪ್ಪ ಕಾಕಾನ ಮಂಡಿನೋವು ಹಾಗೇ ಇದೆ. ನೀನು ಫೋನಿನಲ್ಲಿ ಸ್ಪ್ಯಾನಿಷ್ ಕಲಿಸುವುದನ್ನು ನೋಡಿ, ನಮ್ಮ ಭಾರತಿಯ ಗೆಳತಿ ಟಿವಿಯವಳಾದಳು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಈಗ ನಿನ್ನ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಾನೆ.

ಲಿಂಗಸುಗೂರಿನ ಹಾಸ್ಟೆಲ್ ಕೋಣೆ ನೆನಪಿದೆಯೇ? ಬಿ.ಎಡ್. ಓದಿನ ಬೇಸರ ಕಳೆಯಲು ಸ್ಪ್ಯಾನಿಷ್ ಶುರು ಮಾಡಿದವರು ನಾವು. ಸೇರ್, ಎಸ್ತಾರ್ ಎರಡಕ್ಕೂ ಒಂದೇ ‘ಇರು’ ಎಂದು ಓದಿ ತಲೆ ಕೆಟ್ಟುಹೋಗಿತ್ತು. ಆಗ ಒಂದೊಂದು ಪದಕ್ಕೂ ನಮಗೆ ಗೊತ್ತಿರುವ ಒಬ್ಬ ಮನುಷ್ಯನನ್ನು ಹಚ್ಚುವ ಉಪಾಯ ಹೂಡಿದೆವು. ‘ಲಿಸ್ತೊ’ಗೆ ಚಹಾದಂಗಡಿಯ ಗೌಸ್‌ಸಾಬ್ ಬಂದ: ಸೇರ್ ಜೊತೆಗಿದ್ದರೆ ಅವನು ಜಾಣ, ಎಸ್ತಾರ್ ಜೊತೆಗಿದ್ದರೆ ಅಂಗಡಿ ಮುಚ್ಚಿ ಹೊರಡಲು ತಯಾರು. ಸಾಬೇರ್ ಎಂದರೆ ವಿಷಯ ತಿಳಿದಿರುವುದು, ಕೊನೊಸೇರ್ ಎಂದರೆ ಮನುಷ್ಯರ ಪರಿಚಯವಿರುವುದು. ನಮ್ಮ ವಾರ್ಡನ್ ದುರ್ಗಾದೇವಿಯವರಿಗೆ ಎಲ್ಲ ಹುಡುಗಿಯರ ಸುದ್ದಿಯೂ ಗೊತ್ತು, ಒಬ್ಬಳ ಪರಿಚಯವೂ ಇಲ್ಲ ಎಂದು ಎಷ್ಟು ನಕ್ಕಿದ್ದೆವು.

‘ಬೀಬೊ’ ಪದಕ್ಕೆ ಅಪ್ಪನನ್ನು ಹಚ್ಚಿದವಳು ನಾನು. ಎಸ್ತಾರ್ ಜೊತೆ ಅದು ಬದುಕಿರುವವನು, ಸೇರ್ ಜೊತೆ ಚಾಲಾಕಿ. ಎರಡೂ ಒಪ್ಪುತ್ತವೆ ಎಂದೆ. ನಗುತ್ತಲೇ ಹೇಳಿದೆ, ಆಮೇಲೆ ತಡೆಯಲಾರದೆ ಅತ್ತೆ. ಲಾರಿ ಓಡಿಸಲು ಸೊಲ್ಲಾಪುರಕ್ಕೆ ಹೋದ ಅಪ್ಪ ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದು, ಹುಡುಕಿಕೊಂಡು ಹೋದ ಅವ್ವ ಅದನ್ನು ಕಣ್ಣಾರೆ ಕಂಡದ್ದು, ಬಳೆ ಒಡೆದುಕೊಂಡು ಬರಿಗೈಯಲ್ಲಿ ಊರಿಗೆ ಬಂದು, ಗಂಡ ಅಪಘಾತದಲ್ಲಿ ಸತ್ತ, ಅಲ್ಲೇ ಮಣ್ಣು ಮಾಡಿದರು ಎಂದು ಊರವರಿಗೆ ಹೇಳಿದ್ದು, ಎಲ್ಲವನ್ನೂ ನಿನಗೆ ಹೇಳಿದೆ. ಅವ್ವ ನನಗೆ ಹೇಳಿದ ಮಾತನ್ನೂ ಹೇಳಿದೆ: “ಬಿಟ್ಟು ಹೋಗ್ಯಾನಂದ್ರ ದಿನಾ ಮರುಗ್ತಾರ, ನಗ್ತಾರ. ಸತ್ತಾನಂದ್ರ ಒಮ್ಮೆ ಅತ್ತು ಸುಮ್ಮನಾಗ್ತಾರ.” ನೀನು ನನ್ನ ಕೈ ಹಿಡಿದು, “ಈ ಪದ ನಮ್ಮಿಬ್ರದು ಬೇ, ಯಾವ ಪಾಠದಾಗೂ ಬರಂಗಿಲ್ಲ” ಅಂದಿದ್ದೆ.

ಇಬ್ಬರೂ ಸೇರಿ ಕಲಿಸೋಣ ಎಂದುಕೊಂಡಿದ್ದ ಪಾಠಗಳನ್ನು ನೀನೊಬ್ಬಳೇ ಶುರು ಮಾಡಿದಾಗ ನಾನು ತುಟಿ ಬಿಚ್ಚಲಿಲ್ಲ. ಗೌಸ್‌ಸಾಬನನ್ನೂ ವಾರ್ಡನ್ ದುರ್ಗಾದೇವಿಯವರನ್ನೂ ನೀನೇ ಇಟ್ಟುಕೋ, ಅದಕ್ಕೆ ಜಗಳವಿಲ್ಲ. ಆದರೆ ‘ಬೀಬೊ’ ಪಾಠದಲ್ಲಿ ಪಾಮನಕಲ್ಲೂರಿನ ನಿನ್ನ ಗೆಳತಿಯ ಅಪ್ಪ ಬಂದ. ಊರಿನ ಪಾಲಿಗೆ ಸತ್ತವನು, ಸೊಲ್ಲಾಪುರದಲ್ಲಿ ಮಕ್ಕಳ ಜೊತೆ ಬದುಕಿರುವವನು, ಅದಕ್ಕೇ ಚಾಲಾಕಿ ಎಂದು ನೀನು ಹೇಳುತ್ತಿದ್ದಂತೆ ಕಲಿಯುವವರೆಲ್ಲ ನಕ್ಕರು. ನೀನೂ ನಕ್ಕೆ, ಅಂಜಲಿ. ಆ ನಗು ನನಗೆ ಚೆನ್ನಾಗಿ ಗೊತ್ತು, ನಮ್ಮ ಕೋಣೆಯದೇ ನಗು.

ಹೆಸರು ಹೇಳಿಲ್ಲವಲ್ಲ ಎಂದು ಮೆಸೇಜು ಹಾಕಿದ್ದೀ. ಈ ಊರಿನಿಂದ ಲಿಂಗಸುಗೂರಿನ ನಿನ್ನ ಕೋಣೆಗೆ ಬಂದವಳು ನಾನಲ್ಲದೆ ಇನ್ಯಾರು? ಪಕ್ಕದ ಮನೆ ಶಿವಬಸಮ್ಮಾಯಿಯ ಮೊಮ್ಮಗಳು ನಿನ್ನ ಹತ್ತಿರವೇ ಕಲಿಯುತ್ತಾಳೆ. ಪಾಠ ಮುಗಿದದ್ದೇ ತಡ, ಅಜ್ಜಿಗೆ ತೋರಿಸಿದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ನಮಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ.

ಪಾಠವನ್ನು ಈಗ ತೆಗೆದುಹಾಕಿದ್ದೀಯಂತೆ. ಊರಿನ ಬಾಯಿಂದ ತೆಗೆಯುವುದು ಹೇಗೆ? ಕ್ಷಮಿಸು ಎಂದು ಕೇಳಲು ಸಿಂಧನೂರಿನಿಂದ ಹೊರಟು ಬರಬೇಡ, ಅವ್ವ ನಿನಗೂ ಚಹಾ ಕಾಸಿ ಕೊಡುತ್ತಾಳೆ. ಅದನ್ನು ನಾನು ನೋಡಲಾರೆ.

ನಿನ್ನ ಮಗಳು ಚೆನ್ನಾಗಿ ಓದಲಿ, ನಗುನಗುತ್ತಾ ಬೆಳೆಯಲಿ. ಮನಸಿನ ಮಾತು ಹೇಳಿಕೊಳ್ಳಲು ಅವಳಿಗೊಬ್ಬ ಒಳ್ಳೆಯ ಗೆಳತಿ ಸಿಗಲಿ.

ಇಂತಿ,
ಭಾರತಿ

ಇನ್ನೊಂದು ಮಾತು: ಇದನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಮೊನ್ನೆ ಶಿವಬಸಮ್ಮಾಯಿ ಓಣಿಯ ಹೆಂಗಸರನ್ನು ಕರೆದುಕೊಂಡು ಮನೆಗೆ ಬಂದಳು. ಅವಳ ಮನಸಿನಲ್ಲಿ ಕೆಟ್ಟದ್ದಿರಲಿಲ್ಲ. “ಗಂಡ ಜೀವಂತ ಅದಾನಂತ, ಗದ್ದೆಮ್ಮ. ಬರಿಗೈಲೆ ಇರಬಾರ್ದು” ಎಂದು ಅವ್ವನನ್ನು ನಡುಮನೆಯಲ್ಲಿ ಕೂಡಿಸಿ ಹಣೆಗೆ ಕುಂಕುಮ ಹಚ್ಚಿದರು, ಎರಡೂ ಕೈಗೆ ಹಸಿರು ಬಳೆ ಏರಿಸಿದರು. ನಾನು ಅಡ್ಡ ಹೋದೆ. ಅವ್ವ ಅಡ್ಡ ಬರಬೇಡವೆಂದು ನನಗೆ ಕಣ್ಣಲ್ಲೇ ಹೇಳಿ, ಅವರ ಮುಂದೆ ಕೈ ಚಾಚಿದಳು. ಇವತ್ತು ಬೆಳಿಗ್ಗೆ ಅವಳು ರೊಟ್ಟಿ ಬಡಿಯುವಾಗ ಬಳೆ ಸದ್ದು ಕೇಳಿ ನಿದ್ದೆಗಣ್ಣಿನಲ್ಲಿ, ಅಪ್ಪ ಬಂದನೇನೋ ಎಂದುಕೊಂಡೆ. ಎದ್ದು ನೋಡಿದರೆ ಅವ್ವ ಒಬ್ಬಳೇ ಒಲೆಯ ಮುಂದೆ ಕೂತಿದ್ದಳು. ಸದ್ದಾಗದಂತೆ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಳ್ಳುತ್ತಿದ್ದಳು.