‘ಸಾಧು’ ಎಂದು ಬರೆಸಿದವರಿಗೆ

ನಗರದ ಪ್ರಾಣಿ ಆಶ್ರಯಧಾಮದ ಅಧೀಕ್ಷಕರಿಗೆ,

ಮಾನ್ಯರೇ,

ನಮ್ಮ ಓಣಿಯ ಎದುರಿಗಿರುವ ಬಸ್ ನಿಲ್ದಾಣದ ಗೋಡೆಗೆ ನಿಮ್ಮ ಕಚೇರಿಯವರು ನಿನ್ನೆ ಒಂದು ಪ್ರಕಟಣೆ ಅಂಟಿಸಿ ಹೋಗಿದ್ದಾರೆ. ‘ಹೆದರಿದ ನಾಯಿಗಳಿಗೆ ತಾತ್ಕಾಲಿಕ ಆಶ್ರಯ ನೀಡಬಲ್ಲ ಅನುಭವಿ ಮನೆಗಳು ಬೇಕಾಗಿವೆ. ತಾಳ್ಮೆಯುಳ್ಳವರಿಗೆ ಆದ್ಯತೆ.’ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂಥದೊಂದು ಮನೆ ನಿಮಗಿತ್ತು. ಆ ಮನೆಯವರನ್ನು ನಂಬಿಸಿ, ಅವರ ಬಳಿಯಿದ್ದ ನಾಯಿಯನ್ನು ಸುಳ್ಳು ಹೇಳಿ ಕರೆದೊಯ್ದು, ಎಲ್ಲಿಗೆ ಕಳಿಸಬಾರದಿತ್ತೋ ಅಲ್ಲಿಗೇ ಕಳಿಸಿ, ಈಗ ಅದನ್ನು ಕೊಲ್ಲುವ ದಿನವನ್ನೂ ಗೊತ್ತು ಮಾಡಿದ್ದೀರಿ. ಕಚೇರಿಗೆ ಬಂದರೆ ನೀವು ಸಭೆಯಲ್ಲಿರುತ್ತೀರಿ, ಫೋನ್ ಮಾಡಿದರೆ ಹೊರಗೆ ಹೋಗಿರುತ್ತೀರಿ. ಆದ್ದರಿಂದ ಊರಿನ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಓದುವವರಿಗೆ ನಾನು ಯಾರೆಂದು ಗೊತ್ತಿರಲಿಕ್ಕಿಲ್ಲ, ನಿಮಗಂತೂ ಚೆನ್ನಾಗಿ ಗೊತ್ತು. ನಾನು ಒಂದು ಮುದ್ರಣಾಲಯಕ್ಕೆ ಪ್ರೂಫ್ ನೋಡುವವನು. ಶಾಲೆಯ ಪಠ್ಯ, ಔಷಧಿ ಡಬ್ಬಿಯೊಳಗಿನ ಚೀಟಿ, ಸಂಘಸಂಸ್ಥೆಗಳ ವಾರ್ಷಿಕ ವರದಿ, ಯಾವುದಾದರೂ ಸರಿ, ಅಚ್ಚಿಗೆ ಹೋಗುವ ಮುಂಚೆ ಅದರ ತಪ್ಪು ಹೆಕ್ಕುವುದು ನನ್ನ ಹೊಟ್ಟೆಪಾಡು. ಜೊತೆಗಿರುವವಳು ನನ್ನ ಅಕ್ಕ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಮ್ಮಿಬ್ಬರ ಮನೆಗೆ ಕರೆಗಂಟೆ ಇಲ್ಲ, ಬಿಚ್ಚಿಸಿಬಿಟ್ಟಿದ್ದೇವೆ. ಕುರ್ಚಿಯ ಕಾಲುಗಳಿಗೆಲ್ಲ ಹಳೆಯ ಕಾಲುಚೀಲ ತೊಡಿಸಿದ್ದೇವೆ. ಕುಕ್ಕರ್ ಕೂಗುವ ಮುಂಚೆ ಅಡುಗೆಮನೆಯ ಬಾಗಿಲು ಮುಚ್ಚುತ್ತೇವೆ. ನೆಂಟರು ನಮ್ಮನ್ನು ನೋಡಿ ತಲೆ ಕೆಟ್ಟಿದೆ ಎನ್ನುತ್ತಾರೆ, ಎನ್ನಲಿ. ಪೊರಕೆ ಕಂಡರೆ ಉಚ್ಚೆ ಹೊಯ್ಯುವ ನಾಯಿ, ಟೋಪಿ ಹಾಕಿದ ಗಂಡಸರನ್ನು ಕಂಡರೆ ಮಂಚದಡಿ ಸೇರುವ ನಾಯಿ, ಬಟ್ಟಲಿನಲ್ಲಿ ಹಾಕಿದ್ದನ್ನು ಯಾರೂ ಇಲ್ಲದಾಗ ಮಾತ್ರ ತಿನ್ನುವ ನಾಯಿ, ಎಲ್ಲವನ್ನೂ ನಮ್ಮಲ್ಲಿಗೆ ಕಳಿಸಿದವರು ನೀವೇ. ಕಳಿಸುವಾಗಲೆಲ್ಲ ‘ಕೊನೇ ಬೆಂಚಿನ ಮಕ್ಕಳಿಗೆ ನೀವೇ ಮೇಷ್ಟ್ರು’ ಎಂದು ತಮಾಷೆ ಮಾಡುತ್ತಿದ್ದಿರಿ. ಹೊಗಳಿಕೆಗೆ ನಾವೂ ಉಬ್ಬುತ್ತಿದ್ದೆವು, ಸುಳ್ಳೇಕೆ ಹೇಳಲಿ.

ಹಾಗೆ ಬಂದವಳು ಗುಸುಕಿ. ಮುಚ್ಚಿಹೋದ ಗೋದಾಮೊಂದರಲ್ಲಿ ಕಟ್ಟಿಹಾಕಿದ್ದ, ಮರಿಯಾಗಿದ್ದಾಗಿನಿಂದ ಬೆಳಕನ್ನೇ ಸರಿಯಾಗಿ ಕಾಣದಿದ್ದ ಕಂದು ಬಣ್ಣದ ಹೆಣ್ಣು ನಾಯಿ. ಬೊಗಳುವುದಿಲ್ಲ, ಕುಂಯ್ ಎನ್ನುವುದಿಲ್ಲ, ಬಟ್ಟೆ ಒಗೆಯುವ ಯಂತ್ರದ ಹಿಂದಿನ ಮೂಲೆ ಬಿಟ್ಟು ಏಳುವುದಿಲ್ಲ. ಅಕ್ಕ ನೋಡಿ, ‘ಇದೆಂಥ ಗುಮ್ಮನಗುಸುಕಿ ಮಾರಾಯ’ ಅಂದಳು. ಅದೇ ಹೆಸರಾಗಿ, ತುಂಡಾಗಿ ಗುಸುಕಿ ಎಂದಾಯಿತು. ಅಂಥ ನಾಯಿಯನ್ನು ಕರೆಯಬಾರದು, ನೋಡಬಾರದು, ಅದರ ಕಡೆಗೆ ಕೈ ಚಾಚಲಂತೂ ಬಾರದು. ಬೆನ್ನು ಹಾಕಿ ನೆಲದ ಮೇಲೆ ಕೂತು ನಮ್ಮ ಪಾಡಿಗೆ ನಾವು ಏನಾದರೂ ಮಾಡುತ್ತಿರಬೇಕು. ನನಗಿರುವುದು ಒಂದೇ ಕೆಲಸ, ಅದನ್ನೇ ಮಾಡಿದೆ. ಪ್ರೂಫ್ ನೋಡುವವರು ಗಟ್ಟಿಯಾಗಿ ಓದುತ್ತೇವೆ, ಚಿಹ್ನೆಗಳನ್ನೂ ಬಿಡದೆ. ‘ದಿನಕ್ಕೆರಡು ಬಾರಿ ಅಲ್ಪವಿರಾಮ ಊಟದ ನಂತರ ಪೂರ್ಣವಿರಾಮ.’ ಪ್ರತಿ ಪೂರ್ಣವಿರಾಮಕ್ಕೆ ಬೇಯಿಸಿದ ಕೋಳಿಯ ಒಂದು ಚೂರನ್ನು ಹಿಂದಕ್ಕೆ ಉರುಳಿಸುತ್ತಿದ್ದೆ. ಮೊದಮೊದಲು ಚೂರುಗಳು ಅಲ್ಲೇ ಒಣಗಿದವು. ಆಮೇಲಾಮೇಲೆ ನನ್ನ ಬೆನ್ನ ಹಿಂದೆ ಮೆಲ್ಲಗೆ ಜಗಿಯುವ ಸದ್ದು ಕೇಳತೊಡಗಿತು. ಔಷಧಿಯ ಚೀಟಿಗಳಲ್ಲಿ ವಾಕ್ಯಗಳು ಮೊಟಕಾಗಿರುವುದರಿಂದ ಅವು ಅವಳಿಗೆ ಅಚ್ಚುಮೆಚ್ಚು. ವಾರ್ಷಿಕ ವರದಿಯ ಉದ್ದುದ್ದ ವಾಕ್ಯಗಳಿಗೆ ಅವಳೂ ನಿಟ್ಟುಸಿರು ಬಿಡುತ್ತಿದ್ದಳು. ನಾನೇ ಬೇಕಿಲ್ಲದ ಕಡೆಯೂ ಪೂರ್ಣವಿರಾಮ ಹೇಳಲು ಶುರುಮಾಡಿದ್ದನ್ನು ಅಕ್ಕ ಇಡೀ ಓಣಿಗೆ ಸಾರಿದಳು.

ಆ ಹೊತ್ತಿಗೆ ನೀವು ಬಂದಿರಿ. ಮನೆಯವರಲ್ಲದವರಿಗೂ ಅವಳು ಒಗ್ಗಿಕೊಳ್ಳಲಿ ಎಂದು ನಾವೇ ಕರೆಸಿದ್ದು. ಅಷ್ಟು ದೊಡ್ಡ ಹುದ್ದೆಯವರು ಬೂಟು ಹಾಕಿಕೊಂಡೇ ನೆಲದ ಮೇಲೆ ಕಾಲು ಚಾಚಿ ಕೂತಿರಿ, ಅಕ್ಕ ಹೇಳಿದಂತೆ ಗೋಡೆ ನೋಡುತ್ತಾ ಚಹಾ ಕುಡಿದಿರಿ. ವಾರವಾರವೂ ಬಂದಿರಿ. ಒಂದು ಸಂಜೆ ಗುಸುಕಿ ತಾನಾಗಿ ಎದ್ದು ಬಂದು ನಿಮ್ಮ ಬೂಟನ್ನು ಮೂಸಿ, ಅದರ ಪಕ್ಕದಲ್ಲೇ ಮಲಗಿದಳು. ನಮ್ಮಿಬ್ಬರನ್ನು ಬಿಟ್ಟರೆ ಅವಳು ಹತ್ತಿರ ಹೋದ ಮೊದಲ ಮನುಷ್ಯರು ನೀವು. ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ‘ಅಕ್ಕಾ, ನಿಮ್ಮನ್ನ ಕೇಳದೆ ಇವಳನ್ನ ಎಲ್ಲಿಗೂ ಕಳಿಸಲ್ಲ. ನನ್ನ ಮಾತು ಇದು’ ಎಂದಿರಿ. ಅಕ್ಕ ನಿಮಗೆ ಇನ್ನೊಂದು ಲೋಟ ಚಹಾ ತಂದುಕೊಟ್ಟಳು.

ಮುಂದಿನ ವಾರ ಬರುವಾಗ ನಿಮ್ಮ ಕೈಯಲ್ಲಿ ಗುಸುಕಿಯ ಪರಿಚಯಪತ್ರವಿತ್ತು, ದತ್ತು ಕೇಳಿ ಬರುವವರಿಗೆ ತೋರಿಸುವಂಥದ್ದು. ಕಾಗುಣಿತ ನೋಡಿಕೊಡಿ ಎಂದಿರಿ. ಕಾಗುಣಿತ ಸರಿಯಾಗಿಯೇ ಇತ್ತು. ತಪ್ಪಿದ್ದುದು ಒಂದು ಪದದಲ್ಲಿ. ‘ಸ್ವಭಾವ: ಸಾಧು’ ಎಂದಿತ್ತು. ನಾನದನ್ನು ಹೊಡೆದುಹಾಕಿ ‘ಅಂಜುಬುರುಕಿ’ ಎಂದು ಬರೆದೆ. ನೀವು ನಕ್ಕು, ‘ಅಂಜುಬುರುಕಿ ಅಂತ ಹಾಕಿದ್ರೆ ಯಾರು ಸಾರ್ ತಗೋತಾರೆ? ಸುಮ್ಮನಿರತ್ತೆ, ಯಾರಿಗೂ ಏನೂ ಮಾಡಲ್ಲ, ಸಾಧು ಅಂದ್ರೂ ಒಂದೇ ಅಲ್ವಾ?’ ಎಂದಿರಿ. ಒಂದೇ ಅಲ್ಲ ಎಂದು ನಾನು ಆವತ್ತು ನಿಮಗೆ ಬಿಡಿಸಿ ಹೇಳಿದೆ. ಸಾಧು ಪ್ರಾಣಿ ಮುಟ್ಟಿಸಿಕೊಳ್ಳುತ್ತದೆ, ಹೆದರಿದ ಪ್ರಾಣಿ ಸಹಿಸಿಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಅಲ್ಲಾಡದೆ ನಿಂತಂತೆಯೇ ಕಾಣುತ್ತವೆ. ಗುಸುಕಿ ಕಿವಿ ಹಿಂದಕ್ಕೆ ಒತ್ತಿಕೊಂಡು, ಬಾಯಿ ಬಿಗಿಹಿಡಿದು, ಉಸಿರನ್ನೇ ಕಟ್ಟಿಕೊಂಡು ನಿಂತಿರುತ್ತಾಳಲ್ಲ, ಅದು ಅವಳು ಒಳಗೊಳಗೇ ಬಿಟ್ಟುಬಿಡಿ ಎಂದು ಬೇಡಿಕೊಳ್ಳುವ ಹೊತ್ತು. ಆಗಲೂ ಬಿಡದಿದ್ದರೆ ಅವಳಿಗೆ ಉಳಿಯುವುದು ಹಲ್ಲು ಮಾತ್ರ. ನೀವು ತಲೆದೂಗಿದಿರಿ, ನನ್ನೆದುರೇ ಜೇಬಿನಿಂದ ಪೆನ್ನು ತೆಗೆದು ನನ್ನ ತಿದ್ದುಪಡಿಯ ಪಕ್ಕದಲ್ಲಿ ರುಜು ಹಾಕಿದಿರಿ. ಇಷ್ಟು ವರ್ಷ ಪ್ರೂಫ್ ನೋಡಿದವನಿಗೆ, ತಿದ್ದಿದ ಹಾಳೆಯನ್ನು ಬದಿಗಿಟ್ಟು ತಿದ್ದದ ಹಾಳೆಯನ್ನೇ ಅಚ್ಚಿಗೆ ಕಳಿಸುವವರೂ ಇರುತ್ತಾರೆಂದು ಗೊತ್ತಿರಬೇಕಿತ್ತು.

ಆಮೇಲಿನದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನಾನು ಮುದ್ರಣಾಲಯಕ್ಕೆ ಹೋಗಿದ್ದ ಹೊತ್ತಿಗೆ ನೀವು ಮನೆಗೆ ಬಂದಿರಿ. ‘ಲಸಿಕೆ ಹಾಕಿಸ್ಕೊಂಡು ಸಂಜೆ ಬಿಟ್ಟು ಹೋಗ್ತೀನಿ ಅಕ್ಕಾ’ ಎಂದಿರಿ. ಬೇರೆ ಯಾರು ಬಂದಿದ್ದರೂ ಅಕ್ಕ ಬಾಗಿಲು ತೆಗೆಯುತ್ತಿರಲಿಲ್ಲ, ಬೇರೆ ಯಾರು ಬಂದಿದ್ದರೂ ಗುಸುಕಿ ಮೂಲೆಯಿಂದ ಏಳುತ್ತಿರಲಿಲ್ಲ. ನೀವು ನೆಲದ ಮೇಲೆ ಕೂತಿರಿ. ಅವಳು ಬಂದಳು. ನಿಮ್ಮ ಬೂಟಿನ ಪಕ್ಕ ಮಲಗಿದವಳ ಕತ್ತಿಗೆ ನೀವು ಚೈನು ಸಿಕ್ಕಿಸಿದಿರಿ. ನಂಬಿಸಿ ಕತ್ತು ಕೊಯ್ಯುವುದು ಎಂಬ ಮಾತನ್ನು ನಾನು ಎಷ್ಟೋ ಬರಹಗಳಲ್ಲಿ ಸವಕಲಾಯಿತೆಂದು ಹೊಡೆದುಹಾಕಿದ್ದೇನೆ. ಅಂಥ ಮಾತೊಂದು ಹುಟ್ಟಲು ಎಂಥ ಸಂದರ್ಭ ಬೇಕು ಎಂಬುದು ಈಗ ಅರ್ಥವಾಗಿದೆ. ಸಂಜೆಯಾಯಿತು, ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಮರುದಿನ ನಿಮ್ಮ ಕಚೇರಿಯ ಗುಮಾಸ್ತರು ಫೋನಿನಲ್ಲಿ, ನಾಯಿಗೆ ಒಳ್ಳೆಯ ಮನೆ ಸಿಕ್ಕಿದೆ, ತಿಂಗಳ ಕೊನೆಯೊಳಗೆ ಇಷ್ಟು ದತ್ತು ಆಗಲೇಬೇಕೆಂದು ಮೇಲಿನಿಂದ ಒತ್ತಡವಿತ್ತು, ಅಕ್ಕನೂ ನಾನೂ ಖುಷಿಪಡಬೇಕು ಎಂದರು.

ಮಾನ್ಯರೇ, ನಾಯಿಗಳ ಭಯ ಕಳೆಯಲು ಎಷ್ಟು ತಿಂಗಳು ಬೇಕೆಂದು ಮೇಲಿನವರನ್ನು ಯಾರಾದರೂ ಕೇಳಿದ್ದರೇ? ಅಥವಾ ಹೆದರಿಕೆಯೂ ತಿಂಗಳ ಕೊನೆಗೆ ಸರಿಯಾಗಿ ಮುಗಿಯಬೇಕೆಂದು ಅದಕ್ಕೂ ಸುತ್ತೋಲೆ ಹೋಗಿತ್ತೇ?

ಆ ಒಳ್ಳೆಯ ಮನೆಯ ಯಜಮಾನರು ಕೆಲವು ದಿನಗಳ ಮೇಲೆ ನಿಮ್ಮ ಕಚೇರಿಯಲ್ಲಿ ವಿಳಾಸ ಪಡೆದು ನಮ್ಮ ಬಾಗಿಲಿಗೆ ಬಂದರು. ಲಾರಿ ಓಡಿಸುವವರು, ಸಿಟ್ಟಿನಿಂದ ಕುದಿಯುತ್ತಿದ್ದರು. ಜೊತೆಯಲ್ಲಿ ಅವರ ಪುಟ್ಟ ಮಗಳು, ಮೊಣಕೈಯವರೆಗೆ ಬ್ಯಾಂಡೇಜು. ಮಗಳ ಹುಟ್ಟುಹಬ್ಬಕ್ಕೆಂದೇ ನಾಯಿ ತಂದಿದ್ದರಂತೆ. ಮನೆ ತುಂಬ ಮಕ್ಕಳು, ಬಲೂನು, ಹಾಡು. ನಾಯಿ ಮಿಸುಕದೆ ನಿಂತಿತ್ತಂತೆ. ನೋಡು ಎಷ್ಟು ಸಾಧು ಎಂದು ಬಂದವರೆಲ್ಲ ಒಬ್ಬೊಬ್ಬರಾಗಿ ತಬ್ಬಿದರಂತೆ, ಫೋಟೊ ತೆಗೆಸಿಕೊಂಡರಂತೆ. ಕೊನೆಗೆ ಮಗಳು ಅದರ ಬೆನ್ನ ಮೇಲೆ ಒರಗಿ ಮಲಗಿದಳಂತೆ. ಒಂದು ಬಲೂನು ಒಡೆಯಿತು. ಆಮೇಲೆ ನಡೆದದ್ದನ್ನು ಆ ಹುಡುಗಿಯ ಕೈಯೇ ಹೇಳುತ್ತಿತ್ತು. ನಾನು ಸಮಾಧಾನ ಹೇಳಲು ಹೋದರೆ ಆ ತಂದೆ, ‘ಇಂಥ ನಾಯೀನ ಸಾಧು ಅಂತ ಹೇಗ್ರೀ ಬರೆದುಕೊಟ್ರಿ? ನಿಮ್ಮ ಮನೇಲೂ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು’ ಎಂದು ಪರಿಚಯಪತ್ರವನ್ನು ನನ್ನ ಮುಖದ ಮುಂದೆ ಹಿಡಿದರು. ಅದರಲ್ಲಿ ಅಚ್ಚುಕಟ್ಟಾಗಿ ಹೀಗಿತ್ತು: ‘ಸ್ವಭಾವ: ಸಾಧು (ಅನುಭವಿ ಪಾಲಕರ ಅಭಿಪ್ರಾಯ).’

ಅನುಭವಿ ಪಾಲಕರು ಎಂದರೆ ನಾವು! ನಾನು ಹೊಡೆದುಹಾಕಿದ ಪದವನ್ನು ನನ್ನ ಬಾಯಿಗೇ ತುರುಕಿ ಊರಿಗೆ ಹಂಚಿದ್ದೀರಿ. ಅಕ್ಕ ಅಲ್ಲೇ ನೆಲದ ಮೇಲೆ ಕೂತು, ಹುಡುಗಿಯ ಅಪ್ಪಣೆ ಕೇಳಿ, ಬ್ಯಾಂಡೇಜು ಬಿಚ್ಚಿ ನೋಡಿ ಹೊಸದು ಕಟ್ಟಿದಳು. ಗಾಯ ಆಳವಾಗಿರಲಿಲ್ಲ, ಒಂದೇ ಸಲ ಕಚ್ಚಿ ಬಿಟ್ಟಿತ್ತು. ಹುಡುಗಿ ಅಕ್ಕನ ಕಿವಿಯ ಹತ್ತಿರ, ‘ಅದು ಗಡಗಡ ನಡುಗ್ತಿತ್ತು ಅಜ್ಜಿ, ನಾನು ಚಳಿ ಅನ್ಕೊಂಡು ತಬ್ಬಿಕೊಂಡೆ’ ಎಂದಳು. ಆ ಮಗುವಿಗೆ ಕಂಡ ನಡುಕ ನಿಮಗೆ ಕಾಣದೆ ಹೋಯಿತೇ ಎಂದು ನಾನು ಕೇಳುವುದಿಲ್ಲ. ನಿಮಗೆ ಕಂಡಿತ್ತು, ನಾವೇ ತೋರಿಸಿಕೊಟ್ಟಿದ್ದೆವು. ಹೊಟ್ಟೆ ಉರಿಯುವುದು ಅದಕ್ಕೇ. ಗೊತ್ತಿಲ್ಲದವರು ಮಾಡಿದ ತಪ್ಪಾಗಿದ್ದರೆ ಇಷ್ಟು ಹೊತ್ತಿಗೆ ಮರೆತು ಸುಮ್ಮನಾಗುತ್ತಿದ್ದೆವು.

ಈಗ ಗುಸುಕಿ ಮತ್ತೆ ನಿಮ್ಮ ಧಾಮದ ಹಿಂಬದಿಯ ಬೋನಿನಲ್ಲಿದ್ದಾಳೆ. ಬೋನಿಗೆ ‘ಕಚ್ಚುತ್ತದೆ’ ಎಂಬ ಕೆಂಪು ಫಲಕ ಹಾಕಿದ್ದೀರಿ. ನಾವು ವಾಪಸು ಕೇಳಿದ್ದಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಬಂತು: ಕಚ್ಚಿದ ಪ್ರಾಣಿಯನ್ನು ಯಾವ ಮನೆಗೂ ನೀಡಲು ಅವಕಾಶವಿಲ್ಲ, ಸದರಿ ನಾಯಿಯ ಸ್ವಭಾವವನ್ನು ಅಳೆಯುವಲ್ಲಿ ತಾವು ವಿಫಲರಾದ ಕಾರಣ ತಮ್ಮ ಮನೆಯನ್ನು ಅನುಭವಿ ಮನೆಗಳಿಂದ ಕೈಬಿಡಲಾಗಿದೆ, ಶುಕ್ರವಾರ ಪಶುವೈದ್ಯರ ಸಮ್ಮುಖದಲ್ಲಿ ನಾಯಿಯನ್ನು ವಿಲೇವಾರಿ ಮಾಡಲಾಗುವುದು. ಕಡತ ವಿಲೇವಾರಿ ಕೇಳಿದ್ದೇನೆ, ಕಸ ವಿಲೇವಾರಿ ಕೇಳಿದ್ದೇನೆ. ಉಸಿರಾಡುತ್ತಿರುವ, ಕೋಳಿಯ ಚೂರಿಗೆ ಕಾದು ಕೂರುತ್ತಿದ್ದ ಒಂದು ಜೀವಕ್ಕೆ ಆ ಪದ ಬಳಸಿದ ಕೈ ಯಾರದು? ಕೊಲ್ಲಲಾಗುವುದು ಎಂದು ಬರೆಯಲು ಯಾಕೆ ನಾಚಿಕೆ? ಹೆದರಿಕೆಗೆ ಸಾಧು ಎಂದಿರಿ, ಕೊಲ್ಲುವುದಕ್ಕೆ ವಿಲೇವಾರಿ ಎಂದಿರಿ, ಸುಳ್ಳಿಗೆ ಲಸಿಕೆ ಎಂದಿರಿ. ನಿಮ್ಮ ಕಚೇರಿಗೆ ಒಬ್ಬ ಪ್ರೂಫ್ ನೋಡುವವನ ತುರ್ತು ಅಗತ್ಯವಿದೆ, ನಾನಂತೂ ಬರುವುದಿಲ್ಲ.

ಮೊನ್ನೆ ಕಾವಲಿನವರ ಕೈಕಾಲು ಹಿಡಿದು ನಾವಿಬ್ಬರೂ ಅವಳನ್ನು ನೋಡಲು ಹೋದೆವು. ಬೋನಿನ ಹೊರಗೆ ಬೆನ್ನು ಹಾಕಿ ಕೂತು ಬಹಳ ಹೊತ್ತು ಕಾದೆವು. ಅವಳು ಬರಲಿಲ್ಲ. ನನ್ನ ದನಿ ಕೇಳಿದ್ದೇ ಮುಖವನ್ನು ಇನ್ನಷ್ಟು ಗೋಡೆಗೆ ಒತ್ತಿಕೊಂಡಳು. ಅಷ್ಟು ದಿನವೂ ಸಭೆಯಲ್ಲಿದ್ದ ನೀವು ಆಗ ಅಲ್ಲಿಗೆ ಹೇಗೋ ಬಂದು, ನನ್ನ ಹೆಗಲು ಮುಟ್ಟಿ, ‘ನೋಡಿ ಸಾರ್, ನಿಮ್ಮನ್ನೂ ಮರೆತಿದೆ. ಇನ್ನು ಯಾಕೆ ಕಷ್ಟಪಡ್ತೀರಿ?’ ಎಂದಿರಿ. ಬಸ್ಸಿನಲ್ಲಿ ಕೂತ ಮೇಲೆ ಅಕ್ಕ, ‘ಮರೆತಿಲ್ಲ ಕಣೋ. ನಾವೇ ಕಳಿಸಿದ್ವಿ ಅಂದ್ಕೊಂಡಿದಾಳೆ. ಬಾಗಿಲು ತೆಗೆದವಳು ನಾನೇ ಅಲ್ವಾ’ ಎಂದು ಅತ್ತಳು. ವಾರ್ಡಿನಲ್ಲಿ ಎಷ್ಟೋ ಸಾವು ನೋಡಿದ ನನ್ನ ಅಕ್ಕ ಜನರ ಮುಂದೆ ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು.

ಈಗ ನಮ್ಮ ಒತ್ತಾಯ. ಶುಕ್ರವಾರದ ಆಜ್ಞೆಯನ್ನು ರದ್ದು ಮಾಡಿ. ನಾನು ತಿದ್ದಿದ, ನೀವು ರುಜು ಹಾಕಿದ ಹಾಳೆ ನಿಮ್ಮಲ್ಲಿದ್ದರೆ ಪ್ರಕಟಿಸಿ, ಹರಿದುಹಾಕಿದ್ದರೆ ಹಾಗೆಂದು ಹೇಳಿ. ಲಾರಿ ಓಡಿಸುವ ಆ ತಂದೆಯ ಮನೆಗೆ ಹೋಗಿ ಅವರ ಮಗಳ ಎದುರು ತಪ್ಪೊಪ್ಪಿಕೊಳ್ಳಿ. ಗುಸುಕಿಯನ್ನು ನಮಗೆ ಕೊಡಿ. ತಾತ್ಕಾಲಿಕವಾಗಿ ಅಲ್ಲ, ಅವಳು ಬದುಕಿರುವಷ್ಟು ಕಾಲಕ್ಕೆ. ಅವಳು ಯಾರ ಮನೆಯ ಮಗುವಿನ ಹತ್ತಿರವೂ ಸುಳಿಯದಂತೆ ನೋಡಿಕೊಳ್ಳುವ ಹೊಣೆ ನಮ್ಮದು, ಯಾವ ಕಾಗದಕ್ಕೆ ಬೇಕಾದರೂ ರುಜು ಹಾಕುತ್ತೇವೆ. ಅವಳು ನಮ್ಮನ್ನು ನಂಬುವುದಿಲ್ಲ ಎಂಬುದು ನಿಮ್ಮ ವಾದವಾದರೆ, ಒಪ್ಪಿದೆ. ನಂಬದ ನಾಯಿಯನ್ನೇ ಕೊಡಿ. ಮೊದಲ ದಿನದಿಂದ ಮತ್ತೆ ಶುರು ಮಾಡುತ್ತೇವೆ. ಈ ಸಲ ಬಹುಶಃ ವರ್ಷಗಟ್ಟಲೆ ಹಿಡಿಯಬಹುದು, ಹಿಡಿಯಲಿ.

ಅವಳನ್ನು ನಿಮ್ಮ ವ್ಯಾನಿನ ಚಾಲಕರ ಜೊತೆ ಕಳಿಸಿ, ಗುಮಾಸ್ತರ ಜೊತೆ ಕಳಿಸಿ, ಯಾರೂ ಸಿಗದಿದ್ದರೆ ಹೇಳಿ ಕಳಿಸಿ, ನಾವೇ ಬಂದು ಎತ್ತಿಕೊಂಡು ಹೋಗುತ್ತೇವೆ. ದಯವಿಟ್ಟು ನೀವು ಮಾತ್ರ ಬರಬೇಡಿ. ನಿಮ್ಮನ್ನು ಕಂಡರೆ ಅವಳು ಈಗಲೂ ಬಾಲ ಅಲ್ಲಾಡಿಸಿಯಾಳು, ಅದನ್ನು ನೋಡುವ ಶಕ್ತಿ ಅಕ್ಕನಿಗಿಲ್ಲ.

ಇಂತಿ,
ನಿಮ್ಮ ಮಾತನ್ನು ತಿದ್ದದೆ ಹಾಗೇ ನಂಬಿದ,
ಒಬ್ಬ ಪ್ರೂಫ್ ನೋಡುವವನು
(ಅಕ್ಕನ ಪರವಾಗಿಯೂ. ಅವಳು ನಿಮಗೆ ಬರೆಯಲೊಲ್ಲಳು.)